ಶ್ವಾಸಕೋಶದ ಕ್ಯಾನ್ಸರ್ ಮತ್ತು ನಮ್ಮ ಸಂಘಗಳ ಕರ್ತವ್ಯ

ಪರಸ್ಥಳದಲ್ಲಿ ದುಡಿದು ಬಾಳುವವನಿಗೆ ಅವನ ದೇಹವೇ ಬಂಡವಾಳ. ಹೊಟೇಲಿನ ಮಾಣಿಗಾಗಲಿ, ಭಟ್ಟಿಯ ಮುಂದೆ ನಿಂತ ಅಡಿಗೆಯವನಿಗಾಗಲಿ, ಆಫೀಸಿನ ಗುಮಾಸ್ತನಿಗಾಗಲಿ ಈ ಊರಿನಲ್ಲಿ ಹೊಲವಿಲ್ಲ, ತೋಟವಿಲ್ಲ. ಎರಡು ಕೈ, ಎರಡು ಕಾಲು ಮತ್ತು ಒಂದು ಎದೆಯ ಉಸಿರು, ಇವಿಷ್ಟೇ ಅವನ ಆಸ್ತಿ. ಊರಿಗೆ ಹೋಗುವ ತಿಂಗಳ ಹಣವೂ, ತಂಗಿಯ ಮದುವೆಯೂ, ಮಕ್ಕಳ ಶಾಲೆಯ ಶುಲ್ಕವೂ ಈ ಆಸ್ತಿಯಿಂದಲೇ ಹುಟ್ಟಬೇಕು. ಆದರೂ ಗಲ್ಲಾದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ಮಧ್ಯರಾತ್ರಿಯವರೆಗೆ ಕುಳಿತು ಲೆಕ್ಕ ಸರಿಪಡಿಸುವ ನಮ್ಮ ಬಂಧುಗಳು, ಎದೆಯ ಲೆಕ್ಕ ತಪ್ಪಿದಾಗ ಮಾತ್ರ ‘ನಾಳೆ ನೋಡೋಣ’ ಎನ್ನುತ್ತಾರೆ. ಆ ನಾಳೆಯು ಎಷ್ಟು ದುಬಾರಿಯಾದದ್ದೆಂಬುದನ್ನು ಶ್ವಾಸಕೋಶದ ಕ್ಯಾನ್ಸರ್ ಎಂಬ ರೋಗದ ಮಟ್ಟಿಗೆ ವಿವರಿಸಿ, ತತ್ಸಂಬಂಧವಾಗಿ ನಮ್ಮ ಸಂಘ ಸಂಸ್ಥೆಗಳ ಮತ್ತು ಹೊಟೇಲು ಧನಿಗಳ ಮುಂದೆ ಕೆಲವು ಮಾತುಗಳನ್ನಿಡುವುದು ಈ ಲೇಖನದ ಉದ್ದೇಶ.

ಲೋಕದಲ್ಲಿ ಕ್ಯಾನ್ಸರಿನಿಂದ ಸಾಯುವವರಲ್ಲಿ ಅತ್ಯಂತ ಹೆಚ್ಚಿನವರು ಶ್ವಾಸಕೋಶದ ಕ್ಯಾನ್ಸರಿನಿಂದಲೇ ಸಾಯುತ್ತಾರೆ. ನಮ್ಮ ದೇಶದ ಗಂಡಸರಲ್ಲಿಯೂ ಅದು ಮುಂಚೂಣಿಯ ಕ್ಯಾನ್ಸರುಗಳಲ್ಲೊಂದು. ಇದು ಔಷಧವೇ ಇಲ್ಲದ ರೋಗವಲ್ಲ. ಒಂದೇ ಪುಪ್ಪುಸದ ಒಂದು ಮೂಲೆಯಲ್ಲಿ ಅಡಗಿರುವಾಗಲೇ ಸಿಕ್ಕಿಬಿದ್ದರೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಬುಡಸಹಿತ ತೆಗೆದುಹಾಕುವ ಸಂಭವವಿದೆ. ಆದರೆ ನಮ್ಮಲ್ಲಿ ಬಹುಪಾಲು ರೋಗಿಗಳು ವೈದ್ಯರ ಕಣ್ಣಿಗೆ ಬೀಳುವುದು ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ. ಎಂದರೆ ರೋಗವು ಎದೆಯ ಗ್ರಂಥಿಗಳನ್ನೋ, ಎಲುಬನ್ನೋ, ಮೆದುಳನ್ನೋ ಮುಟ್ಟಿದ ಮೇಲೆ. ಮನೆ ಹೊತ್ತಿ ಉರಿಯುವಾಗ ಬಾವಿ ತೋಡಲು ಹೊರಡುವ ಸ್ಥಿತಿ ಇದು.

ಕಾರಣಗಳ ವಿಷಯದಲ್ಲಿ ಈಗ ವಾದಕ್ಕೆ ಎಡೆಯಿಲ್ಲ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ವಿದ್ವಾಂಸರು ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ 649 ಮಂದಿ ಗಂಡಸರನ್ನು ವಿಚಾರಿಸಿದಾಗ, ಅವರಲ್ಲಿ ಎಂದೂ ಧೂಮಪಾನ ಮಾಡದವರು ಇಬ್ಬರೇ ಇದ್ದರು. 1964ರಲ್ಲಿ ಅಮೆರಿಕದ ಸರಕಾರವೂ ತನ್ನ ಪ್ರಸಿದ್ಧ ವರದಿಯಲ್ಲಿ ಇದನ್ನೇ ಒಪ್ಪಿತು. ಸಿಗರೇಟಿಗಿಂತ ಬೀಡಿ ಮೇಲೆಂಬ ಭ್ರಮೆ ನಮ್ಮವರಲ್ಲಿ ಇನ್ನೂ ಉಳಿದಿದೆ. ಎಲೆಯಲ್ಲಿ ಸುತ್ತಿದ್ದು, ಹೊಗೆಸೊಪ್ಪು ಕಡಿಮೆ, ಊರಿನಲ್ಲಿ ನಮ್ಮ ಅಕ್ಕತಂಗಿಯರೇ ಕಟ್ಟಿದ್ದು ಎಂಬ ಸಮಾಧಾನಗಳು ಕೇಳಿಬರುತ್ತವೆ. ಬೀಡಿ ಬೇಗ ಆರುವುದರಿಂದ ಮತ್ತೆ ಮತ್ತೆ ಬಲವಾಗಿ ಎಳೆಯಬೇಕಾಗುತ್ತದೆ. ಆದುದರಿಂದ ಟಾರೂ ವಿಷಾನಿಲವೂ ಎದೆಗೆ ಹೆಚ್ಚಾಗಿಯೇ ಇಳಿಯುತ್ತವೆ. ಬೀಡಿಯೂ ಕ್ಯಾನ್ಸರಿಗೆ ಕಾರಣವೇ.

ಹಾಗೆಂದು, ಈ ರೋಗ ಬಂದವರೆಲ್ಲ ಸೇದುವವರೇ ಎಂದು ತೀರ್ಮಾನಿಸುವುದು ಅಜ್ಞಾನ. ನಮ್ಮ ದೇಶದಲ್ಲಿ ಒಂದು ದಿನವೂ ಬೀಡಿ ಮುಟ್ಟದ ಅನೇಕರಿಗೆ, ವಿಶೇಷವಾಗಿ ಹೆಂಗಸರಿಗೆ, ಈ ರೋಗ ಬರುತ್ತಿದೆ. ಪರರು ಬಿಟ್ಟ ಹೊಗೆ, ಡೀಸೆಲ್ ವಾಹನಗಳ ಹೊಗೆ, ನಗರದ ಮಲಿನ ವಾಯು, ಮನೆಯೊಳಗೆ ಉರಿಸುವ ಕಲ್ಲಿದ್ದಲಿನ ಹೊಗೆ ಇವೆಲ್ಲವನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ನಿಶ್ಚಿತ ಕಾರಣಗಳ ಪಟ್ಟಿಗೆ ಸೇರಿಸಿದೆ. ಸೌದೆಯ ಹೊಗೆಯೂ, ಅತಿ ಕಾವಿನ ಎಣ್ಣೆಯಲ್ಲಿ ಕರಿಯುವಾಗ ಏಳುವ ಹಬೆಯೂ ಬಹುಮಟ್ಟಿಗೆ ಸಂಭವವಿರುವ ಕಾರಣಗಳೆಂದು ಅದು ಎಣಿಸಿದೆ. ಹಗಲಿರುಳು ಬಾಣಲೆಯ ಮುಂದೆ ನಿಲ್ಲುವವರು ನಮ್ಮವರಲ್ಲದೆ ಇನ್ನಾರು? ಅಡಿಗೆಮನೆಗೆ ಹೊಗೆಗೂಡು ಮತ್ತು ಗಾಳಿಯನ್ನು ಹೊರದಬ್ಬುವ ಫ್ಯಾನು ಇಲ್ಲದ ಹೊಟೇಲು, ಗಿರಾಕಿಯ ತಟ್ಟೆಗೆ ಎಷ್ಟು ರುಚಿ ಬಡಿಸಿದರೂ, ತನ್ನ ಕೆಲಸದವನ ಎದೆಗೆ ಅನ್ಯಾಯವನ್ನೇ ಬಡಿಸುತ್ತಿದೆಯೆಂದು ಹೇಳದೆ ವಿಧಿಯಿಲ್ಲ.

ಇನ್ನು ವಿಳಂಬದ ವಿಚಾರ. ಮೂರು ವಾರಗಳಿಗೂ ಮೀರಿದ ಕೆಮ್ಮು, ಕಫದಲ್ಲಿ ರಕ್ತದ ಎಳೆ, ಕಾರಣವಿಲ್ಲದೆ ಇಳಿಯುವ ತೂಕ, ಏರುವ ಉಬ್ಬಸ, ಎದೆ ಅಥವಾ ಭುಜದ ಬಿಡದ ನೋವು, ಒಡೆದುಹೋದ ಸ್ವರ: ಇವು ಎಚ್ಚರಿಕೆಯ ಲಕ್ಷಣಗಳು. ಆದರೆ ಸೇದುವವನಿಗೆ ಕೆಮ್ಮು ಹಳೆಯ ಗೆಳೆಯ. ಅಡಿಗೆಯವನಿಗೆ ಅದು ಒಗ್ಗರಣೆಯ ಘಾಟು. ಗುಮಾಸ್ತನಿಗೆ ಅದು ಲೋಕಲ್ ಗಾಡಿಯ ಧೂಳು. ಹೀಗೆ ಪ್ರತಿಯೊಬ್ಬನೂ ತನಗೆ ಒಪ್ಪುವ ಒಂದು ನೆಪವನ್ನು ಕಂಡುಕೊಂಡು ಔಷಧದ ಅಂಗಡಿಯ ಸೀಸೆಯಲ್ಲಿ ಎರಡು ತಿಂಗಳು ಕಳೆಯುತ್ತಾನೆ.

ಎರಡನೆಯ ವಿಳಂಬಕ್ಕೆ ರೋಗಿಯೊಬ್ಬನೇ ಹೊಣೆಯಲ್ಲ. ನಮ್ಮ ದೇಶದಲ್ಲಿ ಕ್ಷಯವು ವ್ಯಾಪಕವಾಗಿರುವುದರಿಂದ ಎಕ್ಸ್‌ರೇಯಲ್ಲಿ ಒಂದು ನೆರಳು ಕಂಡೊಡನೆ ಕ್ಷಯವೆಂದೇ ಊಹಿಸಿ, ಕಫವನ್ನು ಪರೀಕ್ಷಿಸದೆ ಗುಳಿಗೆ ಆರಂಭಿಸುವ ಪದ್ಧತಿ ಹಲವೆಡೆ ಇದೆ. ಕ್ಷಯದ ಗುಳಿಗೆಯ ಅವಧಿ ಸಾಮಾನ್ಯವಾಗಿ ಆರು ತಿಂಗಳು. ಕ್ಯಾನ್ಸರಿಗೆ ಆರು ತಿಂಗಳ ಬಿಡುವು ದೊರೆತರೆ ಅದು ಒಂದು ಹಂತದಿಂದ ಇನ್ನೊಂದಕ್ಕೆ ಜಿಗಿಯಲು ಬೇರೇನು ಬೇಕು? ನಮ್ಮವರಲ್ಲಿ ಇನ್ನೊಂದು ರೂಢಿಯೂ ಸೇರಿಕೊಳ್ಳುತ್ತದೆ. ಕಾಯಿಲೆಯೆಂದೊಡನೆ ಗಂಟುಮೂಟೆ ಕಟ್ಟಿ ಊರಿಗೆ ಹೊರಡುವುದು. ಊರಿನ ಗಾಳಿ, ಮನೆಯ ಗಂಜಿ ಮನಸ್ಸಿಗೆ ಹಿತವೆಂಬುದು ನಿಜ; ಗಡ್ಡೆಯನ್ನು ಕರಗಿಸುವ ಶಕ್ತಿ ಅವಕ್ಕಿಲ್ಲ. ಆದುದರಿಂದ ವಾಚಕರು ಎರಡು ಮಾತುಗಳನ್ನು ನೆನಪಿಡಬೇಕು. ಕ್ಷಯವೆಂದು ಹೇಳಿದಾಗ, ‘ಕಫದ ಪರೀಕ್ಷೆಯಿಂದ ಅದು ಸಿದ್ಧವಾಗಿದೆಯೇ?’ ಎಂದು ವಿನಯದಿಂದ ಕೇಳಬೇಕು. ಈ ಪರೀಕ್ಷೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಗುಳಿಗೆ ನುಂಗುತ್ತಿದ್ದರೂ ಗುಣ ಕಾಣದಿದ್ದರೆ, ಅದನ್ನು ತಾನಾಗಿ ನಿಲ್ಲಿಸದೆ, ದೊಡ್ಡ ಆಸ್ಪತ್ರೆಯಲ್ಲಿ ಎದೆಯ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ವಿಚಾರಿಸಬೇಕು. ಎರಡು ರೋಗಗಳೂ ಒಬ್ಬನಲ್ಲಿಯೇ ಇರುವುದುಂಟು.

ಸ್ಕ್ಯಾನಿನಲ್ಲಿ ಗಡ್ಡೆ ಕಂಡರೂ ಕ್ಯಾನ್ಸರೆಂಬುದು ಸಿದ್ಧವಾಗುವುದು ಅದರ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದ ಮೇಲೆಯೇ. ಇದಕ್ಕೆ ಬಯಾಪ್ಸಿ ಎಂದು ಹೆಸರು. ಶ್ವಾಸನಾಳದೊಳಗೆ ಸಣ್ಣ ನಳಿಕೆಯನ್ನು ಇಳಿಸಿಯೋ, ಹೊರಗಿನಿಂದ ಸೂಜಿಯ ಮೂಲಕವೋ ಇದನ್ನು ಮಾಡುತ್ತಾರೆ. ‘ಸೂಜಿ ತಾಗಿದರೆ ರೋಗ ಮೈಯೆಲ್ಲ ಹರಡುತ್ತದೆ’ ಎಂಬ ಮಾತು ನಮ್ಮ ಖೋಲಿಗಳಲ್ಲಿ ವೇದವಾಕ್ಯದಂತೆ ಓಡಾಡುತ್ತಿದೆ. ಈ ಭಯದಿಂದ ಪರೀಕ್ಷೆಯನ್ನು ನಿರಾಕರಿಸಿದವನು, ಶತ್ರುವಿನ ಹೆಸರನ್ನೇ ತಿಳಿಯದೆ ಯುದ್ಧಕ್ಕೆ ಹೊರಟವನಂತೆ. ಯಾವ ಜಾತಿಯ ಕ್ಯಾನ್ಸರ್ ಎಂಬುದು ತಿಳಿಯದೆ ಯಾವ ವೈದ್ಯನೂ ಸರಿಯಾದ ಔಷಧವನ್ನು ಆರಿಸಲಾರ.

ಆರಿಸಲು ಈಗ ಔಷಧಗಳಿವೆ ಎಂಬುದೇ ಸಮಾಧಾನದ ಸಂಗತಿ. ಆರಂಭದ ಹಂತದಲ್ಲಿ ಶಸ್ತ್ರಚಿಕಿತ್ಸೆ, ಅದು ಸಾಧ್ಯವಿಲ್ಲದಲ್ಲಿ ಕಿರಣ ಚಿಕಿತ್ಸೆ, ಹರಡಿದಲ್ಲಿ ಕೀಮೋಥೆರಪಿ, ಕೆಲವರಿಗೆ ದೇಹದ ರಕ್ಷಣಾಶಕ್ತಿಯನ್ನು ಎಬ್ಬಿಸುವ ಚುಚ್ಚುಮದ್ದು. ಇವಲ್ಲದೆ, ಗಡ್ಡೆಯ ಕಣಗಳಲ್ಲಿ ಇ.ಜಿ.ಎಫ್.ಆರ್. ಮೊದಲಾದ ಬದಲಾವಣೆಗಳಿದ್ದರೆ ಅವಕ್ಕೆ ನೇರವಾಗಿ ಗುರಿಯಿಟ್ಟ ಗುಳಿಗೆಗಳು ಬಂದಿವೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಇಂತಹ 350 ರೋಗಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೆಫಿಟಿನಿಬ್ ಎಂಬ ಗುಳಿಗೆಯೊಂದನ್ನೇ ಪಡೆದವರಲ್ಲಿ ರೋಗವು ಸುಮಾರು 8 ತಿಂಗಳು ಹಿಡಿತದಲ್ಲಿದ್ದರೆ, ಅದರೊಡನೆ ಕೀಮೋಥೆರಪಿಯನ್ನೂ ಪಡೆದವರಲ್ಲಿ 16 ತಿಂಗಳು ಹಿಡಿತದಲ್ಲಿತ್ತು. ಲೋಕವೇ ತಲೆದೂಗಿದ ಈ ಕೆಲಸ ನಡೆದದ್ದು ಪರೇಲಿನಲ್ಲಿ, ನಮ್ಮ ಹೊಟೇಲುಗಳಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ.

ಇಷ್ಟನ್ನು ಕೇಳಿದ ಕೆಲವರು, ಹಾಗಾದರೆ ನಮ್ಮ ಸಂಘಗಳು ಎಲ್ಲರಿಗೂ ಸ್ಕ್ಯಾನ್ ಶಿಬಿರಗಳನ್ನು ಏರ್ಪಡಿಸಬಾರದೇಕೆ ಎನ್ನಬಹುದು. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಮಹಾ ಅಧ್ಯಯನವು, ಬಹಳ ವರ್ಷ ಬಹಳವಾಗಿ ಸೇದಿದ 55ರಿಂದ 74 ವರ್ಷದವರನ್ನು ಅಲ್ಪಪ್ರಮಾಣದ ಸಿ.ಟಿ. ಸ್ಕ್ಯಾನಿನಿಂದ ವರ್ಷಕ್ಕೊಮ್ಮೆ ಪರೀಕ್ಷಿಸಿದಾಗ, ಎಕ್ಸ್‌ರೇಯಿಂದ ಪರೀಕ್ಷಿಸಿದವರಿಗಿಂತ ಅವರಲ್ಲಿ ಈ ರೋಗದ ಮರಣವು 20 ಶೇಕಡಾ ಕಡಿಮೆಯಾದುದನ್ನು ತೋರಿಸಿತು ಎಂಬುದು ನಿಜ. ಆದರೆ ಆ ಲಾಭವು ಸಿದ್ಧವಾದದ್ದು ಅಂತಹವರ ಮಟ್ಟಿಗೆ ಮಾತ್ರ. ಹಳೆಯ ಕ್ಷಯದ ಕಲೆಗಳು ಎಷ್ಟೋ ಎದೆಗಳಲ್ಲಿರುವ ನಮ್ಮ ದೇಶದಲ್ಲಿ ಕಂಡಕಂಡವರಿಗೆಲ್ಲ ಸ್ಕ್ಯಾನ್ ಮಾಡಿಸಿದರೆ ರೋಗವಿಲ್ಲದವರಿಗೂ ಸೂಜಿಯ ಬಾಧೆ, ವೃಥಾ ಭಯ ತಪ್ಪದು. ದೀರ್ಘಕಾಲ ಸೇದಿದ ಹಿರಿಯರು ವೈದ್ಯರೊಡನೆ ಇದನ್ನು ವಿಚಾರಿಸಲಿ. ಉಳಿದವರ ಮಟ್ಟಿಗೆ, ಕೆಮ್ಮುವವನನ್ನು ಮೂರು ವಾರದೊಳಗೆ ವೈದ್ಯರ ಮುಂದೆ ನಿಲ್ಲಿಸುವುದು ಶಿಬಿರದ ಮಂಟಪಕ್ಕಿಂತ ಹೆಚ್ಚಿನ ಉಪಕಾರವೆಂದು ನಮ್ಮ ಮತ.

ಎಲ್ಲಿ ನಿಲ್ಲಿಸುವುದು? ಟಾಟಾ ಸ್ಮಾರಕ ಆಸ್ಪತ್ರೆಯು 1941ರಲ್ಲಿ ಪರೇಲಿನಲ್ಲಿ ಬಾಗಿಲು ತೆರೆಯಿತು. 1962ರಿಂದ ಅದು ಭಾರತ ಸರಕಾರದ ಪರಮಾಣು ಶಕ್ತಿ ಇಲಾಖೆಯ ಅಧೀನದಲ್ಲಿದೆ. ಅಲ್ಲಿ ಜನರಲ್ ವಿಭಾಗದಲ್ಲಿ ಹೆಸರು ಬರೆಸಿದ ಬಡ ರೋಗಿಗೆ ವೆಚ್ಚ ಬಹಳ ಕಡಿಮೆ. ನೆರವಿಗೆ ದಾರಿ ತೋರಿಸಲು ವೈದ್ಯಕೀಯ ಸಮಾಜಸೇವಾ ವಿಭಾಗವೂ ಇದೆ. ಚೆನ್ನೈಯ ಬಂಧುಗಳಿಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಆರಂಭಿಸಿದ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ, ಹೈದರಾಬಾದಿನವರಿಗೆ ಎಂ.ಎನ್.ಜೆ. ಸಂಸ್ಥೆ, ದೆಹಲಿಯವರಿಗೆ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ, ಊರಿಗೆ ಮರಳಲೇಬೇಕಾದವರಿಗೆ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ. ಹೀಗಿದ್ದೂ ಮುಂಬಯಿಯ ನಮ್ಮವರಲ್ಲಿ ಅನೇಕರು ಸಾಲ ಮಾಡಿ ಅಲ್ಲಿ ಇಲ್ಲಿ ಅಲೆದು, ಕೈ ಬರಿದಾದ ಮೇಲೆ ಪರೇಲಿನ ಮೆಟ್ಟಿಲೇರುವುದನ್ನು ಕಂಡಾಗ, ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಯೇ ನೆನಪಾಗುತ್ತದೆ.

ಹಣದ ಪ್ರಶ್ನೆಗೂ ಉತ್ತರವಿಲ್ಲದಿಲ್ಲ. ಇಲ್ಲಿ ಹೊಟೇಲು ಧನಿಗಳೊಡನೆ ನಾವು ಸ್ಪಷ್ಟವಾಗಿ ಮಾತನಾಡಬೇಕಾಗಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೊಟೇಲಿನ ಕೆಲಸಗಾರನಿಗೆ, ವೇತನವು ಮಿತಿಯೊಳಗಿದ್ದರೆ, ಇ.ಎಸ್.ಐ. ವಿಮೆ ಸಲ್ಲಬೇಕು. ಆ ವೇತನದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರಲ್ಲಿ ಕಂತನ್ನು ಇಳಿಸಿ, ವೇತನದ ಮೇಲೆ ಧನಿಗೆ 3.25 ಶೇಕಡಾ, ಕೆಲಸಗಾರನಿಗೆ 0.75 ಶೇಕಡಾ ಎಂದು ನಿಗದಿಮಾಡಲಾಯಿತು. ಇದರ ಫಲವೇನು? ಚಿಕಿತ್ಸೆಯಲ್ಲದೆ, ಕ್ಯಾನ್ಸರ್ ಸೇರಿದಂತೆ 34 ದೀರ್ಘ ರೋಗಗಳಲ್ಲಿ, ಕೆಲಸಕ್ಕೆ ಹೋಗಲಾರದವನಿಗೆ ಎರಡು ವರ್ಷದವರೆಗೆ ವೇತನದ 80 ಶೇಕಡಾ ಕೈಗೆ ಬರುವ ಏರ್ಪಾಡಿದೆ. ಆದರೆ ಈ ವಿಸ್ತೃತ ಸೌಲಭ್ಯಕ್ಕೆ ರೋಗ ಬರುವ ಮೊದಲೇ ಎರಡು ವರ್ಷ ವಿಮೆಯಲ್ಲಿದ್ದು ಕೆಲಸ ಮಾಡಿರಬೇಕೆಂಬ ನಿಯಮವಿದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಾಣಿಗೆ, ರೋಗ ತಿಳಿದ ಮರುದಿನ ಹೆಸರು ಬರೆಸಿದರೆ ಫಲವಿಲ್ಲ. ಧನಿಗಳು ‘ಅವನು ನಮ್ಮ ಮನೆಯ ಮಗನಂತೆ’ ಎನ್ನುವುದನ್ನು ನಾವು ಬಲ್ಲೆವು. ಆ ಮಾತು ಸುಳ್ಳೆಂದು ಹೇಳುವುದಿಲ್ಲ. ಆದರೆ ಮನೆಯ ಮಗನ ಹೆಸರು ಮನೆಯ ಪುಸ್ತಕದಲ್ಲಿ ಇರಲೇಬೇಕಷ್ಟೆ? ಉಗುರಿನಿಂದ ಹೋಗುವ ಕೆಲಸಕ್ಕೆ ಮುಂದೆ ಕೊಡಲಿ ಹಿಡಿಯುವಂತಾಗಬಾರದು.

2018ರ ಸೆಪ್ಟೆಂಬರ್ 23ರಂದು ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ದೊರೆಯುತ್ತದೆ. ಊರಿನ ಕಾರ್ಡು ಊರಿನಲ್ಲೇ ನಡೆಯುವುದೆಂದು ಭಾವಿಸಿ ಅದನ್ನು ಪೆಟ್ಟಿಗೆಯಲ್ಲಿಟ್ಟವರು ಗಮನಿಸಬೇಕು: ಯೋಜನೆಯಲ್ಲಿ ಸೇರಿದ ಅನ್ಯರಾಜ್ಯದ ಆಸ್ಪತ್ರೆಯಲ್ಲಿಯೂ ಅದನ್ನು ಉಪಯೋಗಿಸುವ ಅವಕಾಶ ಇದೆ. 2024ರಿಂದ 70 ವರ್ಷ ದಾಟಿದವರಿಗೆ ಆದಾಯದ ನಿರ್ಬಂಧವಿಲ್ಲದೆ ಈ ಸೌಲಭ್ಯ ವಿಸ್ತರಿಸಿದೆ. ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗಿಬರುವ ಕ್ಯಾನ್ಸರ್ ರೋಗಿಗೆ ಆಸ್ಪತ್ರೆಯ ಪ್ರಮಾಣಪತ್ರದ ಮೇಲೆ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿಯೂ, ಜತೆಗಾರನಿಗೆ ಮುಕ್ಕಾಲು ರಿಯಾಯಿತಿಯೂ ಇದೆ. ಇವುಗಳಲ್ಲಿ ಒಂದೂ ಗುಟ್ಟಿನ ವಿಷಯವಲ್ಲ. ಆದರೆ ತಿಳಿಯದವನ ಪಾಲಿಗೆ ಎಲ್ಲವೂ ಗುಟ್ಟೇ.

ಔಷಧದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಆಸರೆ. 2010ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು, ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕ್ಯಾನ್ಸರ್ ಚಿಕಿತ್ಸೆಯೊಡನೆ ಆರಂಭದಿಂದಲೇ ನೋವು, ಉಬ್ಬಸ, ಮನೋವ್ಯಥೆಗಳ ಶಮನದ ಆರೈಕೆಯನ್ನೂ ಕೊಟ್ಟರು. ಅವರ ಬಾಳು ಹೆಚ್ಚು ನೆಮ್ಮದಿಯದಾದುದಲ್ಲದೆ, ಅವರು ಬದುಕಿದ ಕಾಲವೂ 8.9 ತಿಂಗಳಿಂದ 11.6 ತಿಂಗಳಿಗೆ ಏರಿತು. ‘ಇನ್ನೇನೂ ಮಾಡುವಂತಿಲ್ಲ’ ಎಂಬ ಮಾತು ಎಷ್ಟು ಕ್ರೂರವೋ ಅಷ್ಟೇ ಅಸತ್ಯವೆಂಬುದಕ್ಕೆ ಇದೇ ಸಾಕ್ಷಿ. ಗುಣವಾಗದ ರೋಗಿಯ ನೋವನ್ನು ಗುಣಪಡಿಸಬಹುದು. ಮಾರ್ಫಿನ್ ಗುಳಿಗೆಯನ್ನು ವೈದ್ಯರು ಅಳತೆಯಿಂದ ಕೊಡುವಾಗ ಚಟದ ಭಯದಿಂದ ಅದನ್ನು ತಡೆಯುವುದು ದಯೆಯಲ್ಲ. ಮುಂಬಯಿಯ ಬಾಂದ್ರಾದಲ್ಲಿ 1986ರಿಂದ ಶಾಂತಿ ಅವೇದನಾ ಎಂಬ ಆಶ್ರಯವೂ, ಬೆಂಗಳೂರಿನಲ್ಲಿ ಕರುಣಾಶ್ರಯವೂ ಇಂತಹವರನ್ನು ಹಣ ಕೇಳದೆ ನೋಡಿಕೊಳ್ಳುತ್ತಿವೆ.

ಆದರೆ ನಮ್ಮ ನಡುವೆ ರೋಗಿಗೆ ಸಿಗುವುದೇನು? ಸೇದಿದವನಾದರೆ ‘ಮಾಡಿದ್ದುಣ್ಣೋ ಮಹರಾಯ’ ಎಂಬ ಚುಚ್ಚುಮಾತು. ಸೇದದವನಾದರೆ ‘ಗುಟ್ಟಾಗಿ ಸೇದುತ್ತಿದ್ದನೇನೋ’ ಎಂಬ ಸಂಶಯ. ತಟ್ಟೆ ಲೋಟ ಬೇರೆ ಇಡುವವರೂ ಇದ್ದಾರೆ. ಕ್ಯಾನ್ಸರ್ ಅಂಟುರೋಗವಲ್ಲ, ಅವನ ಪಕ್ಕದಲ್ಲಿ ಮಲಗಿದರೆ, ಅವನ ತಟ್ಟೆಯಲ್ಲಿ ಉಂಡರೆ ಯಾರಿಗೂ ಬರುವುದಿಲ್ಲ. ಹೊಗೆಸೊಪ್ಪಿನ ಚಟವನ್ನು ನಾವು ಖಂಡಿಸುತ್ತೇವೆ. ಆದರೆ ಹದಿನೈದರ ವಯಸ್ಸಿನಲ್ಲಿ ತಾಯಿಯನ್ನು ಬಿಟ್ಟು ಬಂದು, ಹದಿನಾಲ್ಕು ಗಂಟೆ ದುಡಿದು, ಹಿತ್ತಲಿನ ಬಾಗಿಲಲ್ಲಿ ಎರಡು ನಿಮಿಷದ ವಿರಾಮಕ್ಕೆ ಬೀಡಿಯನ್ನೇ ನೆಪ ಮಾಡಿಕೊಂಡ ಹುಡುಗನನ್ನು ಐವತ್ತರ ವಯಸ್ಸಿನಲ್ಲಿ ಕಟಕಟೆಗೆ ನಿಲ್ಲಿಸುವ ಅಧಿಕಾರ ಯಾರಿಗಿದೆ? ಆ ಮಾತಿನ ಭಯದಿಂದಲೇ ಎಷ್ಟೋ ಮಂದಿ ರಕ್ತ ಕಂಡ ಕರವಸ್ತ್ರವನ್ನು ಮಡಚಿ ಕಿಸೆಯಲ್ಲಿಡುತ್ತಾರೆ. ನಮ್ಮ ನಾಲಗೆಯೂ ವಿಳಂಬಕ್ಕೆ ಒಂದು ಕಾರಣವೆಂಬುದನ್ನು ನಾವು ಮರೆಯಬಾರದು.

ಈಗ ಸಂಘಗಳ ಕರ್ತವ್ಯ. ಹಿಂದೆ ಇದೇ ಮುಂಬಯಿಯಲ್ಲಿ, ಹಗಲೆಲ್ಲ ತಟ್ಟೆ ತೊಳೆದ ಹುಡುಗರಿಗೆ ಅಕ್ಷರ ಬೇಕೆಂದು ನಮ್ಮ ಹಿರಿಯರು ರಾತ್ರಿಶಾಲೆಗಳನ್ನು ಕಟ್ಟಿದರು. ಅಂದು ಅವರ ಬೊಕ್ಕಸದಲ್ಲಿ ಇಂದಿನ ಅರ್ಧದಷ್ಟು ಹಣವೂ ಇರಲಿಲ್ಲ. ಹುಡುಗನೊಬ್ಬನಿಗೆ ಊರಿನವರಿಂದಲ್ಲದೆ ಇನ್ನಾರಿಂದ ದಾರಿ ಸಿಗುವುದೆಂಬ ಒಂದೇ ಯೋಚನೆಯಿಂದ ಶಾಲೆಗಳು ಎದ್ದು ನಿಂತುವು. ಆ ಶಾಲೆಗಳಿಂದ ಗುಮಾಸ್ತರು, ವಕೀಲರು, ಧನಿಗಳು ಹೊರಬಂದರು. ಇಂದು ಅದೇ ಯೋಚನೆ ಆಸ್ಪತ್ರೆಯ ಬಾಗಿಲಲ್ಲಿ ಬೇಕಾಗಿದೆ.

ನಾವು ಕೇಳುವುದು ಹೊಸ ಕಟ್ಟಡವನ್ನಲ್ಲ. ಪ್ರತಿಯೊಂದು ಸಂಘವೂ ಇಬ್ಬರು ಸ್ವಯಂಸೇವಕರನ್ನು ಗೊತ್ತುಮಾಡಲಿ. ಮರಾಠಿ ಹಿಂದಿಗಳನ್ನು ಬಲ್ಲ, ಫಾರಂ ತುಂಬಬಲ್ಲ, ನಿವೃತ್ತ ಗುಮಾಸ್ತರಿಗಿಂತ ಇದಕ್ಕೆ ಯೋಗ್ಯರು ಯಾರು? ಹೊಸ ರೋಗಿಯನ್ನು ಕರೆದೊಯ್ದು ಹೆಸರು ಬರೆಸುವುದು, ವೈದ್ಯರ ಮಾತನ್ನು ಕನ್ನಡದಲ್ಲೋ ತುಳುವಿನಲ್ಲೋ ತಿಳಿಸುವುದು, ಕಾಗದಪತ್ರಗಳನ್ನು ಒಂದು ಕಡತದಲ್ಲಿ ಜೋಡಿಸುವುದು, ಊರಿನಿಂದ ಬಂದ ಹೆಂಡತಿಗೆ ನಾಲ್ಕು ದಿನ ತಂಗಲು ಜಾಗ ನೋಡುವುದು: ಇವು ಅವರ ಕೆಲಸ. ಎರಡನೆಯದಾಗಿ, ಪರೀಕ್ಷೆಗೆ ತಗಲುವ ಮೊದಲ ವೆಚ್ಚಕ್ಕೆಂದು ಒಂದು ಚಿಕ್ಕ ನಿಧಿಯನ್ನು ಪ್ರತ್ಯೇಕವಾಗಿಡಲಿ. ನಮ್ಮಲ್ಲಿ ಸಹಾಯದ ಪಟ್ಟಿ ಹೊರಡುವುದು ರೋಗಿ ಹಾಸಿಗೆ ಹಿಡಿದ ಮೇಲೆ. ಅದೇ ಹಣದ ಹತ್ತನೆಯ ಒಂದಂಶ ಮೊದಲ ತಿಂಗಳಲ್ಲಿ ದೊರೆತಿದ್ದರೆ ಅನೇಕ ಪಟ್ಟಿಗಳೇ ಬೇಕಾಗುತ್ತಿರಲಿಲ್ಲ. ಮೂರನೆಯದಾಗಿ, ಸಂಘದ ಸದಸ್ಯರಾದ ಧನಿಗಳು ತಮ್ಮ ಕೆಲಸಗಾರರೆಲ್ಲರನ್ನೂ ವಿಮೆಗೆ ಸೇರಿಸುವರೆಂದು ಮಹಾಸಭೆಯಲ್ಲಿ ನಿರ್ಣಯವಾಗಲಿ. ವಾರ್ಷಿಕೋತ್ಸವಗಳೂ ಯಕ್ಷಗಾನಗಳೂ ನಡೆಯಬೇಕು. ಅವು ನಮ್ಮ ಉಸಿರು. ಆ ಉಸಿರನ್ನು ಎಳೆಯುವ ಎದೆಯ ಕಡೆಗೂ ದೃಷ್ಟಿ ಬೀಳಲಿ ಎಂಬುದಷ್ಟೇ ನಮ್ಮ ವಿನಂತಿ.

ಕೊನೆಯದಾಗಿ, ಈಗಲೂ ಸೇದುತ್ತಿರುವ ಸೋದರರಿಗೆ ಒಂದು ಮಾತು. ಬಿಟ್ಟ ದಿನದಿಂದಲೇ ಲಾಭ ಆರಂಭ. ಹತ್ತು ವರ್ಷಗಳಲ್ಲಿ ಈ ಕ್ಯಾನ್ಸರಿನ ಅಪಾಯ, ಬಿಡದವನಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಬ್ಬರಿಂದಲೇ ಆಗದಿದ್ದರೆ ಕೇಂದ್ರ ಸರಕಾರದ ಉಚಿತ ದೂರವಾಣಿ 1800 11 2356ರಲ್ಲಿ ಸಲಹೆ ದೊರೆಯುತ್ತದೆ. ಕೆಮ್ಮುತ್ತಿರುವ ಗೆಳೆಯನಿದ್ದರೆ, ಈ ವಾರದ ರಜೆಯ ದಿನ ಅವನ ಜತೆಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿರಿ. ಪರಸ್ಥಳದಲ್ಲಿ ನಮಗೆ ನಾವೇ ನೆಂಟರು.